ಬೆಟ್ಟದಜ್ಜನ ಕನಸು

ಬೊಯೊಲಾಲಿ, ಶಾಲೆಯ ಶಿಬಿರ
ಡಿಸೆಂಬರ್ ೩

ಪ್ರೀತಿಯ ಸಾರ್ತಿನಿ ಅಕ್ಕನಿಗೆ,

ನಿನ್ನ ತಂಗಿ ರುಬಿಯಾಳ ನಮಸ್ಕಾರ. ನಾವು ಬದುಕಿದ್ದೀವಿ. ಮೊದಲು ಅದನ್ನ ಓದಿಕೋ, ಆಮೇಲೆ ಬೇಕಾದಷ್ಟು ಬೈಯಿ. ನಿನ್ನ ಕಾಗದ ಬಂದು ಎಷ್ಟೋ ದಿನ ಆಯ್ತು, ಉತ್ತರ ಬರೆಯೋಕೆ ಆಗಲಿಲ್ಲ. ಇಲ್ಲಿ ಚಾಪೆಗೆ ಚಾಪೆ ತಾಗಿಸಿಕೊಂಡು ಮಲಗ್ತೀವಿ. ಬರೆಯೋಕೆ ಕೂತರೆ ಸಾಕು, ‘ಯಾರಿಗೆ, ಏನು’ ಅಂತ ನಾಲ್ಕು ಜನ ಹೆಗಲ ಮೇಲೆ ಬಗ್ತಾರೆ. ಲಾಂಪುಂಗ್‌ನಲ್ಲಿ ಭಾವನ ಮೆಣಸಿನ ಬಳ್ಳಿ ಹೇಗಿವೆ? ಮಕ್ಕಳು ಹುಷಾರಾಗಿದ್ದಾರಾ?

ನಮ್ಮ ಬೆಟ್ಟದಜ್ಜ ಈ ಸಲ ಬಹಳ ಜೋರು ಮಾಡಿದ ಅಕ್ಕ. ಬೂದಿ ಬೀಳೋಕೆ ಶುರುವಾದಾಗ ಎಂದಿನ ಹಾಗೆ ಹುಲ್ಲು ತೊಳೆದು ತೊಳೆದು ಹಸುಗಳಿಗೆ ಹಾಕಿದ್ವಿ. ಕುಡಿಯೋ ನೀರೆಲ್ಲ ಹುಲ್ಲಿಗೇ ಆಯ್ತು, ಆದರೂ ಹಾಲು ಅರ್ಧಕ್ಕಿಳೀತು. ಕಾಡಿನ ಕೋತಿಗಳು ಮರಿಗಳನ್ನ ಹೊಟ್ಟೆಗೆ ಕಟ್ಟಿಕೊಂಡು ನಮ್ಮ ಹಿತ್ತಲು ದಾಟಿ ಕೆಳಗೆ ಹೋದವು. ಸರ್ಕಾರದವರು ಮೈಕ್ ಹಿಡಿದು, ‘ಮೆರಾಪಿ ಸಿಡಿಯುತ್ತೆ, ಎಲ್ಲರೂ ಇಳೀರಿ’ ಅಂತ ಗಂಟಲು ಹರಕೊಂಡ್ರು. ಹಾಗೆ ಅಜ್ಜನ ಹೆಸರು ಹಿಡಿದು ಕೂಗೋರ ಮಾತು ನಮ್ಮೂರಲ್ಲಿ ಯಾರು ಕೇಳ್ತಾರೆ? ಓಣಿಯವರೆಲ್ಲ ನಮ್ಮನೆ ಬಾಗಿಲನ್ನೇ ನೋಡ್ತಾ ಕೂತ್ರು. ನಿನಗೇ ಗೊತ್ತಲ್ಲ, ಅಜ್ಜ ಮುನಿಯೋಕೆ ಮುಂಚೆ ಈ ಮನೆ ಗಂಡಸಿನ ಕನಸಿಗೆ ಬಂದು ಹೇಳ್ತಾನೆ. ನಮ್ಮ ಮಾವನಿಗೂ ಹೇಳಿದ್ದ, ಅವರಪ್ಪನಿಗೂ ಹೇಳಿದ್ದ. ಈ ಸಲ ನಮ್ಮ ಯಜಮಾನರ ಸರದಿ.

ಕನಸು ಬೀಳಲಿ ಅಂತ ನಮ್ಮ ಕರ್ಸೊ ಮಹಾರಾಯರು ಹಗಲೂ ಮಲಗಿದ್ರು! ಬೆಟ್ಟದ ಕಡೆ ತಲೆ ಹಾಕಿ, ಬರೀ ನೆಲದ ಮೇಲೆ. ನನಗೆ ಮೈಯೆಲ್ಲ ಉರೀತಿತ್ತು.

‘ಕೋತಿಗಿರೋ ಬುದ್ಧಿ ನಿಮಗಿಲ್ವಲ್ಲ!’ ಅಂದೆ.

‘ಕೋತಿಗೂ ಅಜ್ಜನಿಗೂ ಮಾತುಕತೆ ಇಲ್ಲ ಕಣೇ. ನಮಗಿದೆ. ಅವನು ಹೇಳೋ ಮುಂಚೆ ಎದ್ದು ಹೋದ್ರೆ, ಅವನ ಮೇಲೆ ನಮಗೆ ನಂಬಿಕೆ ಇಲ್ಲ ಅಂದ ಹಾಗಾಗುತ್ತೆ.’

‘ಅವನು ಮರೆತೇಬಿಟ್ರೆ?’

‘ನಮ್ಮನೇನ ಮರೀತಾನಾ?’ ಅಂತ ನಕ್ಕರು. ಮತ್ತೆ ಬೆಟ್ಟದ ಕಡೆ ತಲೆ ಹಾಕಿ ಮಲಗಿದ್ರು.

ಮಾರನೆಯ ಬೆಳಿಗ್ಗೆ ಒಲೆ ಮುಂದೆ ಕೂತಿದ್ದಾಗ ಹೇಳಿದೆ, ಅಜ್ಜ ಬಂದಿದ್ದ ಅಂತ. ನನ್ನ ಕನಸಿಗೆ. ಪಟ್ಟೆ ಅಂಗಿ ತೊಟ್ಟು, ಬಾಗಿಲ ಹೊರಗೇ ನಿಂತು, ‘ಮೊಮ್ಮಗನ ಮದುವೆ ಇಟ್ಟುಕೊಂಡಿದೀನಿ, ದಿಬ್ಬಣ ನಿಮ್ಮ ಓಣಿ ಮೇಲೇ ಹೋಗುತ್ತೆ, ದಾರಿ ಬಿಡಿ’ ಅಂದ ಅಂತ. ಇವರ ಕೈಲಿದ್ದ ಜೋಳದನ್ನದ ತಟ್ಟೆ ಹಾಗೇ ನಿಂತುಬಿಡ್ತು. ‘ನಿನಗಾ?’ ಅಂತ ಒಂದೇ ಮಾತು ಕೇಳಿದ್ರು. ಆಮೇಲೆ ಎದ್ದು ಹೋಗಿ ಮರದ ಗಂಟೆ ಬಾರಿಸಿದ್ರು.

ಇಡೀ ಓಣಿ ಇಳೀತು. ನಮ್ಮ ಗಬ್ಬದ ಹಸು ಮರಳು ಲಾರಿ ಹತ್ತೋಕೆ ಒಪ್ಪದೆ ಎಲ್ಲರಿಗೂ ಒದೀತು. ಎದುರುಮನೆ ವಿರ್ಯಜ್ಜ ಒಬ್ಬರು ಮಾತ್ರ ಬರಲಿಲ್ಲ. ‘ಹೆಂಗಸಿನ ಕನಸಿಗೆ ಅಜ್ಜ ಬರ್ತಾನಾ? ಹೋಗೋ ಕರ್ಸೊ, ಹೆಂಡತಿ ಸೆರಗು ಹಿಡಕೊಂಡು ಹೋಗು’ ಅಂತ ಜಗಲಿ ಮೇಲಿಂದ ಹಂಗಿಸಿದ್ರು. ಇವರು ತಲೆ ತಗ್ಗಿಸಿಕೊಂಡೇ ನಡೆದ್ರು.

ಮಾರನೆಯ ದಿನ ಮಧ್ಯಾಹ್ನ ಜೂಲುಕುರಿ ಇಳೀತು. ಎಷ್ಟು ವರ್ಷದಿಂದ ಬೆಟ್ಟದಿಂದ ಉರುಳೋ ಆ ಬೂದಿಯ ಬಿಸಿಮೋಡಾನ ಹಾಗೆ ಮುದ್ದಾಗಿ ಕರೀತಿದ್ದೀವೋ! ಸುರುಳಿ ಸುರುಳಿಯಾಗಿ ನಮ್ಮ ಓಣಿ ಮೇಲೇ ಹೋಯ್ತು. ಮನೆ ಇಲ್ಲ, ಕೊಟ್ಟಿಗೆ ಇಲ್ಲ. ವಿರ್ಯಜ್ಜ ತಮ್ಮ ಜಗಲಿ ಹತ್ತಿರವೇ ಸಿಕ್ಕರು. ಅವರನ್ನ ಮಣ್ಣು ಮಾಡಿ ಬಂದ ಮೇಲೆ ಇವರು ಎರಡು ದಿನ ಅನ್ನ ಮುಟ್ಟಲಿಲ್ಲ.

ಈಗ ನಾನು ದೊಡ್ಡ ಮನುಷ್ಯಳಾಗಿಬಿಟ್ಟಿದೀನಿ ಕಣಕ್ಕ. ಹೆಂಗಸರು ಕೈ ಹಿಡಿದು ಕಣ್ಣಿಗೊತ್ತಿಕೊಳ್ತಾರೆ, ಬಾಳೆಹಣ್ಣು ತಂದುಕೊಡ್ತಾರೆ. ಒಬ್ಬಳಂತೂ ಮಗಳಿಗೆ ಗಂಡು ಯಾವಾಗ ಸಿಗ್ತಾನೆ ಅಂತ ಅಜ್ಜನ್ನ ಕೇಳಿ ಹೇಳು ಅಂದ್ಲು! ಹಸು ಇಲ್ಲೇ ಶಾಲೆಯ ಬಯಲಲ್ಲಿ ಕರು ಹಾಕಿದೆ, ಹೆಣ್ಣು ಕರು. ಬೂದಿ ತಣ್ಣಗಾಗಿದೆ, ಬೇಕಾದವರು ಮೇಲೆ ಹೋಗಿ ಮನೆ ಕಟ್ಟಿಕೊಳ್ಳಬಹುದು ಅಂತಿದ್ದಾರೆ. ಎಲ್ಲರೂ ಬಿದಿರು ಕಡಿಯೋಕೆ ಹೊರಟಿದ್ದಾರೆ.

ನೀನು ಹಿರಿಯಳು, ನಮಗೆ ಒಳ್ಳೇದಾಗಲಿ ಅಂತ ಹರಸು. ನಿನ್ನ ಮಕ್ಕಳನ್ನ ದೇವರು ತಂಪಾಗಿಟ್ಟಿರಲಿ, ಭಾವನ ಮಂಡಿನೋವು ಕಡಿಮೆಯಾಗಲಿ.

ನಿನ್ನ ತಂಗಿ,
ರುಬಿಯಾ

ಮರೆತಿದ್ದು: ಅಕ್ಕ, ಇಲ್ಲಿಂದ ಮುಂದೆ ಗಟ್ಟಿಯಾಗಿ ಓದಬೇಡ. ಭಾವನಿಗೂ ತೋರಿಸಬೇಡ. ಎಲ್ಲರೂ ನಿದ್ದೆ ಹೋದ ಮೇಲೆ ಇದನ್ನ ಬರೀತಿದೀನಿ.

ನನಗೆ ಯಾವ ಕನಸೂ ಬಿದ್ದಿಲ್ಲ. ಇವರನ್ನ ಕೆಳಗಿಳಿಸೋಕೆ ನನಗೆ ಬೇರೆ ದಾರಿ ಗೊತ್ತಿರಲಿಲ್ಲ. ಜೀವ ಉಳೀತು, ಅದಕ್ಕೆ ನನಗೆ ಒಂಚೂರೂ ಪಶ್ಚಾತ್ತಾಪ ಇಲ್ಲ. ಆದರೆ ಮನುಷ್ಯ ಉಳಿದಿಲ್ಲ ಅಕ್ಕ. ಬಿದಿರು ಕಡಿಯೋಕೆ ಕರೆದ್ರೆ, ‘ನಾನ್ಯಾಕೆ ಅಲ್ಲಿಗೆ? ಅಜ್ಜನಿಗೆ ನಾನು ಬೇಡ’ ಅಂತಾರೆ. ಬೆಟ್ಟಕ್ಕೆ ಬೆನ್ನು ಹಾಕೇ ಕೂರ್ತಾರೆ. ಮೊನ್ನೆ ಕರುವಿನ ಮೈ ಒರೆಸ್ತಾ, ನನ್ನ ಮುಖ ನೋಡದೆ ಕೇಳಿದ್ರು: ‘ಇನ್ನೊಂದ್ಸಲ ಬಂದ್ರೆ ಒಂದು ಮಾತು ಕೇಳ್ತೀಯಾ? ಕರ್ಸೊ ಏನು ತಪ್ಪು ಮಾಡಿದ ಅಂತ ಕೇಳು.’

ನಿಜ ಹೇಳಿದ್ರೆ ಇವರು ಮತ್ತೆ ಮೇಲೆ ಹೋಗಿ, ಬೆಟ್ಟದ ಕಡೆ ತಲೆ ಹಾಕಿ ಮಲಗ್ತಾರೆ. ಆಮೇಲೆ ಯಾರ ಮಾತಿಗೂ ಏಳಲ್ಲ. ಹೇಳದಿದ್ರೆ ಹೀಗೇ ಒಣಗಿ ಹೋಗ್ತಾರೆ. ಏನು ಮಾಡಲಿ, ನೀನೇ ಹೇಳು. ದಿನಾ ಬೆಳಿಗ್ಗೆ ನಾನು ಕಣ್ಣು ಬಿಡೋ ಹೊತ್ತಿಗೆ ಪಕ್ಕದಲ್ಲಿ ಕಾದು ಕೂತಿರ್ತಾರೆ. ‘ಬಂದಿದ್ನಾ?’ ಅಂತ ಕೇಳ್ತಾರೆ. ಇಲ್ಲ ಅಂತೀನಿ. ನಾನು ಇವರಿಗೆ ಹೇಳೋದರಲ್ಲಿ ಅದೊಂದೇ ನಿಜ ಅಕ್ಕ.