ಸಮುದ್ರದಮ್ಮನಿಗೂ ಹದಿನಾಲ್ಕನೇ ಷರತ್ತಿಗೂ ನಡುವೆ ನಮ್ಮಜ್ಜಿ

ವಿಮಾ ತಕರಾರು ಇತ್ಯರ್ಥ ಕಚೇರಿಯ ಮುಖ್ಯಾಧಿಕಾರಿಗಳಿಗೆ,
ತೈಪೆ.

ಮಾನ್ಯರೇ,

ನಮ್ಮ ನಾನ್‌ಫಾಂಗ್‌ಆವ್ ಬಂದರಿನ ಸಮುದ್ರದಮ್ಮನನ್ನು ತಾವು ಹವಾಮಾನ ತಜ್ಞೆಯೆಂದು ಒಪ್ಪಿಕೊಂಡಿದ್ದೀರಿ. ಇಲ್ಲಿನ ಮೀನುಗಾರರು ತಲೆಮಾರುಗಳಿಂದ ಊದುಬತ್ತಿ ಹಚ್ಚುತ್ತಿದ್ದರೂ ಯಾವ ಸರಕಾರವೂ ಆಕೆಗೆ ಕೊಡದಿದ್ದ ಹುದ್ದೆಯನ್ನು ತಾವು ಒಂದೂವರೆ ಪುಟದ ಆದೇಶದಲ್ಲಿ ಕೊಟ್ಟುಬಿಟ್ಟಿರಿ. ಸಂತೋಷ. ಆದರೆ ಅದೇ ಆದೇಶದ ದೆಸೆಯಿಂದ ಎಂಬತ್ತೊಂದು ವರ್ಷದ ನನ್ನ ಅಜ್ಜಿ ಆ-ಲ್ವಾನ್ ತನ್ನ ಅಕ್ಕನನ್ನು ನೋಡಲು ಹೋಗಲಾಗದೆ ಊರಲ್ಲೇ ಕೂತಿದ್ದಾಳೆ. ಅಕ್ಕನ ಕಣ್ಣು ಈ ವರ್ಷ ಮುಗಿಯುವುದರೊಳಗೆ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿದ್ದಾರೆ. ನನ್ನ ತಕರಾರು ಇಷ್ಟೇ. ಉಳಿದದ್ದು ಸಾಕ್ಷ್ಯ.

ಅಕ್ಕನ ಹೆಸರು ಆ-ಖಿಮ್. ಇಪ್ಪತ್ತನೇ ವಯಸ್ಸಿಗೆ ಜಪಾನಿನ ಇಷಿಗಾಕಿ ದ್ವೀಪದ ಅನಾನಸ್ ಬೆಳೆಗಾರನನ್ನು ಮದುವೆಯಾಗಿ ಹೋದವರು. ಅಕ್ಕತಂಗಿಯರು ಮುಖ ನೋಡಿ ಹನ್ನೊಂದು ವರ್ಷವಾಯಿತು. ಜುಲೈನಲ್ಲಿ ಅವರ ಫೋನು ಬಂತು. "ಈಗ ಯಾರ ಮುಖ ನೋಡಿದ್ರೂ ನಡುವೆ ಒಂದು ಕಪ್ಪು ಮಚ್ಚೆ ಕಣೇ. ಅಂಚು ಮಾತ್ರ ಕಾಣತ್ತೆ. ಬರೋದಾದ್ರೆ ಈಗಲೇ ಬಾ. ಆಮೇಲೆ ಬಂದ್ರೆ ನಿನ್ನ ದನಿ ಒಂದೇ ಬಂದ ಹಾಗೆ." ಅಜ್ಜಿ ಮರುದಿನವೇ ಸೆಪ್ಟೆಂಬರ್ ಮೊದಲ ಶುಕ್ರವಾರಕ್ಕೆ ಟಿಕೆಟ್ ತೆಗೆಸಿದಳು.

ಇನ್ನು ಪ್ರಯಾಣ ವಿಮೆ ಮಾಡಿಸಬೇಕೋ ಬೇಡವೋ ಎಂಬ ಪ್ರಶ್ನೆ. ಇದು ದೋಣಿಗಳು ಮೀನು ಇಳಿಸುವ ಧಕ್ಕೆಯ ಶೆಡ್ಡಿನಲ್ಲಿ ಇತ್ಯರ್ಥವಾಗಬೇಕಾಯಿತು, ಏಕೆಂದರೆ ಅಜ್ಜಿ ಈಗಲೂ ಬೆಳಿಗ್ಗೆ ಅಲ್ಲಿಯೇ ಬಂಗುಡೆ ವಿಂಗಡಿಸುತ್ತಾಳೆ. ಪಕ್ಕದಲ್ಲಿ ಕೂರುವ ಬೀ-ಯುನ್ ಅತ್ತೆ ಕೇಳಿದಳು: "ಮೂರು ದಿನಕ್ಕೆ ಹೋಗಿ ಬರೋಕೆ ವಿಮೆನಾ? ಚಂದ್ರಲೋಕಕ್ಕೆ ಹೊರಟಿದ್ದೀಯೇನೇ? ಆ ದುಡ್ಡಿಗೆ ಅಕ್ಕಂಗೆ ಒಣಮೀನು ತಗೊಂಡು ಹೋಗು."

"ಸೆಪ್ಟೆಂಬರ್ ಕಣೇ. ಗಾಳಿ ಎದ್ರೆ ವಿಮಾನ ಏಳಲ್ಲ. ನಿನ್ನ ಒಣಮೀನು ಹಾರ್ಸತ್ತಾ ಅದನ್ನ?"

"ನಿನ್ನ ವಿಮೆ ಹಾರ್ಸತ್ತಾ?"

ಶೆಡ್ಡೆಲ್ಲ ನಕ್ಕಿತು. ನಾನು ನಗಲಿಲ್ಲ, ಭಾಷಣ ಮಾಡಿದೆ. ನಾನು 'ಭಯದ ಅಂಗಡಿ' ಎಂಬ ಎಂಟು ಪುಟದ ಕರಪತ್ರದ ಲೇಖಕಿ. ನನಗೆ ತಿಳಿದ ಮಟ್ಟಿಗೆ ಅದನ್ನು ಹದಿಮೂರು ಜನ ಓದಿದ್ದಾರೆ. "ಅಜ್ಜಿ, ಇದು ಜನರಿಗೆ ಭಯ ಮಾರೋ ದಂಧೆ" ಎಂದೆ. ಅಜ್ಜಿ ಮೀನಿನಿಂದ ತಲೆ ಎತ್ತದೆ ಹೇಳಿದಳು: "ಭಯ ನನ್ನ ಹತ್ರ ಮೊದ್ಲೇ ಬೇಕಾದಷ್ಟಿದೆ ಮಗಾ, ಕೊಂಡ್ಕೋಬೇಕಾಗಿಲ್ಲ. ಯಾರಾದ್ರೂ ಸ್ವಲ್ಪ ಹೊತ್ಕೊಳ್ತಾರಾ ಅಂತ ನೋಡ್ತಿದ್ದೀನಿ." ಆ ಕರಪತ್ರದ ಎರಡನೇ ಮುದ್ರಣವನ್ನು ನಾನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಶೆಡ್ಡಿನಲ್ಲಿ ಬಗೆಹರಿಯದ್ದು ಸಮುದ್ರದಮ್ಮನ ಗುಡಿಗೆ ಹೋಗುತ್ತದೆ. ಅರ್ಧಚಂದ್ರದಂತಿರುವ ಎರಡು ಮರದ ತುಂಡುಗಳನ್ನು ಅಜ್ಜಿ ನೆಲಕ್ಕೆ ಬಿಟ್ಟು ಕೇಳಿದಳು: ವಿಮೆ ಇಲ್ಲದೆ ಹೋಗಲೇ? ಎರಡೂ ಬೋರಲು ಬಿದ್ದವು, ಬೇಡ. ಮಾಡಿಸಿ ಹೋಗಲೇ? ಒಂದು ಬೋರಲು, ಒಂದು ಅಂಗಾತ, ಆಗಲಿ. ಸತತ ಮೂರು ಸಲ ಹಾಗೆಯೇ. ಯಾವ ಕಂಪನಿ ಎಂದು ಕೇಳಿದಾಗ ಎರಡೂ ಅಂಗಾತ ಬಿದ್ದವು. ಹಾಗೆಂದರೆ ದೇವಿ ನಕ್ಕಳೆಂದು ಅರ್ಥ. ನಾನು ದೇವರನ್ನು ನಂಬುವವಳಲ್ಲ. ಆದರೂ ಆಕೆಗೆ ಈ ಉದ್ಯಮದ ಪರಿಚಯ ಚೆನ್ನಾಗಿದೆಯೆಂದು ಅಂದೇ ಅನಿಸಿತು.

ಭಾನುವಾರ ಪಾಲಿಸಿ ಮಾಡಿಸಿದೆವು. ಬುಧವಾರ ಸಂಜೆ ಚಂಡಮಾರುತದ ಮೊದಲ ಎಚ್ಚರಿಕೆ ಬಂತು. ಗುರುವಾರ ಶಾಲೆ ಕಚೇರಿಗಳಿಗೆ ರಜೆ ಸಾರಿದರು. ಶುಕ್ರವಾರ ವಿಮಾನ ರದ್ದಾಯಿತು. ಇಷ್ಟರಲ್ಲಿ ಯಾವುದೂ ವಿಚಿತ್ರವಲ್ಲ. ವಿಚಿತ್ರ ಶುರುವಾದದ್ದು ಪರಿಹಾರ ಕೇಳುವ ಅರ್ಜಿಯಲ್ಲಿ. ಅದರ ಆರನೇ ಪ್ರಶ್ನೆ: 'ಈ ಪಾಲಿಸಿ ಕೊಳ್ಳಲು ಕಾರಣವೇನು?'

ಏಜೆಂಟ್ ಲಾಯ್ ಒಳ್ಳೆಯ ಹುಡುಗ. "'ಸಾಮಾನ್ಯ ಮುಂಜಾಗ್ರತೆ' ಅಂತ ಬರೆದ್ಬಿಡಿ ಅಕ್ಕಾ, ಎಲ್ರೂ ಹಂಗೇ ಬರೆಯೋದು" ಎಂದ. ನಾನು ಅವನಿಗೆ ಪ್ರಾಮಾಣಿಕ ಪ್ರಜೆಯ ಕರ್ತವ್ಯದ ಬಗ್ಗೆ ಕಾಲು ಗಂಟೆ ಪಾಠ ಮಾಡಿದೆ. ಆಮೇಲೆ ಅಜ್ಜಿ ಹೇಳಿದಂತೆ ನನ್ನ ಸುಂದರವಾದ ಕೈಬರಹದಲ್ಲಿ ಬರೆದೆ: 'ತೊಂದರೆಯಾಗುತ್ತದೆ, ವಿಮೆ ಮಾಡಿಸು ಎಂದು ಸಮುದ್ರದಮ್ಮ ಹೇಳಿದಳು.'

ಮೂರು ವಾರಕ್ಕೆ ಕಂಪನಿಯ ಉತ್ತರ ಬಂತು. ಹದಿನಾಲ್ಕನೇ ಷರತ್ತಿನ ಪ್ರಕಾರ, ಪಾಲಿಸಿ ಕೊಳ್ಳುವಾಗಲೇ ಗ್ರಾಹಕರಿಗೆ ತಿಳಿದಿದ್ದ ಅವಘಡಕ್ಕೆ ಪರಿಹಾರವಿಲ್ಲ; ಗ್ರಾಹಕರಿಗೆ ಮುನ್ಸೂಚನೆ ಇತ್ತೆಂದು ಅವರೇ ಲಿಖಿತವಾಗಿ ಒಪ್ಪಿದ್ದಾರೆ. ಇದು ಗುಮಾಸ್ತರ ತಮಾಷೆಯಿರಬೇಕೆಂದು ತಮ್ಮ ಕಚೇರಿಗೆ ಮೇಲ್ಮನವಿ ಹಾಕಿದೆವು. ತಾವು ಗಂಭೀರವಾಗಿ ಪರಿಶೀಲಿಸಿ ಕಂಪನಿಯನ್ನೇ ಎತ್ತಿಹಿಡಿದಿರಿ.

ಹಾಗಾದರೆ, ಮಾನ್ಯರೇ, ಒಂದಿಷ್ಟು ವಿವರಣೆ ಕೊಡಿ. ಹವಾಮಾನ ಇಲಾಖೆಗಿಂತ ಮೂರು ದಿನ ಮುಂಚೆ ದೇವಿಗೆ ಗೊತ್ತಾಗುವುದಾದರೆ ಆ ಇಲಾಖೆಯ ಉಪಗ್ರಹಗಳನ್ನು ಇಳಿಸಿ ಮರದ ತುಂಡುಗಳನ್ನು ಏಕೆ ಹಂಚಬಾರದು? ಬಂದರಿನ ಪ್ರತಿ ದೋಣಿಯಲ್ಲೂ ಆಕೆಯ ಪಟವಿದೆ, ಪ್ರತಿ ನಾವಿಕನೂ ಹೊರಡುವ ಮುಂಚೆ ಕೇಳಿಯೇ ಹೊರಡುತ್ತಾನೆ. ಅವರೆಲ್ಲರಿಂದ ವಿಮೆಯ ಕಂತು ಕಟ್ಟಿಸಿಕೊಳ್ಳುವ ಕಂಪನಿ, ಮುಳುಗಿದ ದಿನ 'ನಿಮಗೆ ಮೊದಲೇ ಗೊತ್ತಿತ್ತು' ಎನ್ನುತ್ತದೆಯೇ? ಇನ್ನು ದೇವಿ ಕೇವಲ ಬಣ್ಣ ಬಳಿದ ಮರವೆಂಬುದು ತಮ್ಮ ಅಭಿಪ್ರಾಯವಾದರೆ (ನನ್ನದೂ ಅದೇ), ಮರದಿಂದ ಅಜ್ಜಿಗೆ ಏನು ತಿಳಿದಂತಾಯಿತು? ದೇವಿ ಇದ್ದಾಳೆ ಅಥವಾ ಇಲ್ಲ. ಕಂತು ಕಟ್ಟುವಾಗ ಇಲ್ಲದವಳು ಪರಿಹಾರ ಕೇಳುವಾಗ ಪ್ರತ್ಯಕ್ಷಳಾಗುವ ಪವಾಡವನ್ನು ನಮ್ಮ ಪೂಜಾರಿಗಳೂ ಈವರೆಗೆ ಮಾಡಿಲ್ಲ.

ತಮ್ಮ ಕಚೇರಿಯೂ ಅಷ್ಟೇನೂ ನಾಸ್ತಿಕವಲ್ಲ. ಮೇಲ್ಮನವಿ ಕೊಡಲು ಬಂದ ದಿನ ಎರಡನೇ ಕೌಂಟರಿನ ಕಂಪ್ಯೂಟರಿನ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇತ್ತು. ಯಂತ್ರ ಹಟ ಮಾಡದಿರಲೆಂದು ನಮ್ಮ ಕಡೆ ಅದನ್ನು ರಕ್ಷೆಯಂತೆ ಇಡುವುದು ಗೊತ್ತಿದ್ದೂ, ಪೆನ್ನಿಗೆ ಕೈ ಚಾಚುವಾಗ ನನ್ನ ಮೊಣಕೈ ಅದಕ್ಕೆ ತಾಗಿತು. ಗುಮಾಸ್ತೆ ಗಾಬರಿಯಾಗಿ, "ಅಯ್ಯೋ, ಮುಟ್ಬೇಡಿ ಮೇಡಂ. ಹೋದ ತಿಂಗಳು ಅವಧಿ ಮುಗಿದಿದ್ದನ್ನ ಯಾರೋ ಹಾಗೇ ಬಿಟ್ಟಿದ್ರು, ಎರಡು ದಿನ ಸಿಸ್ಟಮ್ಮೇ ಏಳ್ಲಿಲ್ಲ" ಎಂದಳು. ಜೋಳದ ಕುರುಕಲನ್ನು ಕಂಪ್ಯೂಟರಿನ ಕಾವಲಿಗೆ ಇಟ್ಟವರು ನನ್ನ ಅಜ್ಜಿಯ ದೇವಿಯನ್ನು ವಿಚಾರಣೆಗೆ ಕರೆದದ್ದು ಹೀಗೆ.

ಪ್ರಯಾಣ ವಿಮೆ ಕೊಳ್ಳುವುದು ಲಾಭವೋ ಎಂದು ಈಗ ಶೆಡ್ಡಿನವರೆಲ್ಲ ನನ್ನನ್ನೇ ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಕೊಳ್ಳುವವರಿಗೆ ಭಯವಿರಬೇಕು, ಕಾರಣವಿರಬಾರದು. ಕಾರಣವಿದ್ದರೆ ಹದಿನಾಲ್ಕನೇ ಷರತ್ತು, ಭಯವಿಲ್ಲದಿದ್ದರೆ ಒಣಮೀನು.

ಪರಿಹಾರದ ಹಣ ಹೋದರೆ ಹೋಗಲಿ. ಮುಂದಿನ ತಿಂಗಳ ಇಪ್ಪತ್ತೆಂಟಕ್ಕೆ ಅಜ್ಜಿ ಮತ್ತೆ ಟಿಕೆಟ್ ತೆಗೆಸಿದ್ದಾಳೆ. ಈ ಸಲ ವಿಮೆ ಕೊಡುವ ಮುಂಚೆ ಸಹಿ ಹಾಕಬೇಕೆಂದು ಕಂಪನಿಯವರು ಹೊಸದೊಂದು ಹಾಳೆ ಮುಂದಿಟ್ಟಿದ್ದಾರೆ: 'ಈ ಪ್ರಯಾಣದ ಕುರಿತು ನಾನು ಯಾವ ದೇವರನ್ನೂ ವಿಚಾರಿಸಿಲ್ಲ, ವಿಚಾರಿಸುವುದಿಲ್ಲ.' ತಮ್ಮ ಆದೇಶವನ್ನು ನೋಡಿಯೇ ಇದನ್ನು ಅಚ್ಚು ಹಾಕಿಸಿದ್ದಂತೆ. ಬೇರೆ ಕಂಪನಿಗಳೂ ಅದೇ ಹಾಳೆಯನ್ನು ತರಿಸಿಕೊಂಡಿವೆಯೆಂದು ಲಾಯ್ ತಲೆ ತಗ್ಗಿಸಿ ಹೇಳಿದ.

"ಸುಮ್ನೆ ಸಹಿ ಹಾಕಜ್ಜಿ, ಯಾರು ಬಂದು ನೋಡ್ತಾರೆ?" ಎಂದೆ. ಹೌದು, ನಾನೇ ಹಾಗೆಂದೆ.

"ಅವಳು ನೋಡ್ತಾಳಲ್ಲ" ಎಂದಳು ಅಜ್ಜಿ.

"ಹಾಗಾದ್ರೆ ವಿಮೆ ಬಿಟ್ಟು ಹೋಗು."

"ಅದನ್ನ ಅವಳು ಬೇಡ ಅಂದಿದ್ದಾಳೆ. ಹೇಳಿದ್ದು ಮೀರಿ ಹೋಗಿ, ನಡುನೀರ ಮೇಲೆ ವಿಮಾನಕ್ಕೆ ಏನಾದ್ರೂ ಆದ್ರೆ ಖಿಮಕ್ಕ ತಾನು ಕರೆದಿದ್ದಕ್ಕೇ ಹೀಗಾಯ್ತು ಅಂತ ಕೊರಗ್ತಾಳೆ. ಕಣ್ಣೂ ಇಲ್ದೆ ಕೊರಗ್ಬೇಕಾ ಅವಳು?"

ಇಪ್ಪತ್ಮೂರು ವರ್ಷಕ್ಕೆ ಇಡೀ ವ್ಯವಸ್ಥೆಯನ್ನು ಬದಲಿಸಲು ಹೊರಟವಳು ನಾನು, ಒಬ್ಬ ಮುದುಕಿಯನ್ನು ಒಂದೂವರೆ ಗಂಟೆಯ ಹಾದಿ ದಾಟಿಸಲಾಗುತ್ತಿಲ್ಲ. ಅದಕ್ಕೆ ಅರ್ಧ ಕಾರಣ ತಾವು, ಇನ್ನರ್ಧ ಆರನೇ ಪ್ರಶ್ನೆಗೆ ನಾನು ಬರೆದ ಉತ್ತರ.

ಆದ್ದರಿಂದ ನನ್ನ ಆಗ್ರಹ ಹೀಗಿದೆ. ಮುಂದಿನ ತಿಂಗಳ ಇಪ್ಪತ್ತರೊಳಗೆ ತಮ್ಮ ಆದೇಶವನ್ನು ಹಿಂತೆಗೆದುಕೊಂಡು, ಆ ಹಾಳೆ ಕಾನೂನಿಗೆ ವಿರುದ್ಧವೆಂದು ಸಾರಿ. ದೇವಿ ಸಾಕ್ಷಿಯೋ ಮರದ ತುಂಡೋ ಎಂಬುದನ್ನು ಆಮೇಲೆ ಬಿಡುವಾಗಿ ಕೂತು ತೀರ್ಮಾನಿಸಿ, ಆಕೆಗೆ ಅವಸರವಿಲ್ಲ. ಇದಾಗದಿದ್ದರೆ ಇನ್ನೊಂದು ಸಣ್ಣ ಕೆಲಸ ಮಾಡಿಕೊಡಿ. ತಂಗಿ ಏಕೆ ಬರುತ್ತಿಲ್ಲವೆಂದು ಇಷಿಗಾಕಿಗೆ ತಾವೇ ಸ್ವಹಸ್ತದಿಂದ ಒಂದು ಕಾಗದ ಬರೆಯಿರಿ. ಒಂದೊಂದು ಅಕ್ಷರವೂ ಅಂಗೈಯಷ್ಟು ದೊಡ್ಡದಿರಲಿ. ಖಿಮಜ್ಜಿಗೆ ಈಗ ಓದಲಿಕ್ಕಾಗುವುದು ಅಷ್ಟು ದೊಡ್ಡದನ್ನು ಮಾತ್ರ, ಅದೂ ಡಿಸೆಂಬರಿನವರೆಗೆ.

ಇಂತಿ,
ಸುಳ್ಳು ಬರೆಯಬೇಕಾದ ಜಾಗದಲ್ಲಿ ಅಂದವಾಗಿ ನಿಜ ಬರೆದು ಕೆಟ್ಟ ಮೊಮ್ಮಗಳು,
ಯೂ ಪೇ-ಶ್ವಾನ್
ನಾನ್‌ಫಾಂಗ್‌ಆವ್ ಬಂದರು