ಬೆಳಕು ಹಿಡಿಯುವ ಕೈಗಳು

ಕೆಂಪಡಿ, ಮಂಗಳ ಗ್ರಹ
ಧೂಳುಮಾಸದ ನಲವತ್ತನೆಯ ದಿನ, ೨೪೧೬

ನಾನೂರು ವರ್ಷ ಹಿಂದಿನ ಭೂಮಿಯ ಹಿರಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಬೇಕು. ನೀವು ಕೊಟ್ಟ ಕನ್ನಡದಲ್ಲಿ ನಮ್ಮ ಕಷ್ಟಕ್ಕೆ ಪದಗಳಿರಲಿಲ್ಲ, ನಾವೇ ಕಟ್ಟಿಕೊಂಡೆವು.

ಉಸಿರುತೊಟ್ಟಿ ಎಂದರೆ ಹಸಿರು ಪಾಚಿ ಬೆಳೆಸುವ ಗಾಜಿನ ತೊಟ್ಟಿ. ಇಲ್ಲಿ ಹೊರಗೆ ಉಸಿರಾಡುವಂಥ ಗಾಳಿಯಿಲ್ಲ. ಪ್ರತಿಯೊಬ್ಬರಿಗೂ ಅವರವರ ತೊಟ್ಟಿಯೇ ಗತಿ. ಮಗುವಿಗೆ ಹೆಸರಿಡುವ ದಿನವೇ ಒಂದು ತೊಟ್ಟಿ ಕೊಟ್ಟು, ಅದರ ಕೊಳವೆಯನ್ನು ತೊಟ್ಟಿಲಿಗೆ ಕಟ್ಟುತ್ತೇವೆ. ನನ್ನ ಮೊಮ್ಮಗಳು ನೀಲವೇಣಿಗೂ ಹೋದ ತಿಂಗಳು ಕಟ್ಟಿದೆವು. ಆ ತೊಟ್ಟಿ ಈಗ ಅಕ್ಕಿ ತೊಳೆದ ನೀರಿನಂತೆ ಬಿಳಿಚಿಕೊಂಡಿದೆ.

ತಪ್ಪು ನಮ್ಮಜ್ಜಂದಿರ ಕಾಲದ್ದು. ಪಾಚಿಯೊಳಗೆ ಬೆಳಕನ್ನು ದುಡಿಸಿಕೊಳ್ಳುವ ಪ್ರೋಟೀನ್ ಗೊಂಚಲುಗಳಿವೆ. ನಡುವೆ ಒಂದು ತಿರುಳು. ಅದರ ಸುತ್ತ ಹಲವು ಪ್ರೋಟೀನುಗಳು ಒತ್ತೊತ್ತಾಗಿ ಕೂತು, ಬೆಳಕು ಹಿಡಿದು ಒಳಕ್ಕೆ ದಾಟಿಸುತ್ತವೆ. ಇವನ್ನು ನಾವು ಕೈಗಳು ಎನ್ನುತ್ತೇವೆ. ಮೇಲಿನ ಪಾಚಿ ಅಷ್ಟೂ ಕೈ ಚಾಚಿ ಬೇಕಾದ್ದಕ್ಕಿಂತ ಹೆಚ್ಚು ಬಾಚಿಕೊಂಡರೆ ತಳದ ಪಾಚಿಗೆ ಕತ್ತಲು. ಅದಕ್ಕೇ ನಮ್ಮಜ್ಜಂದಿರು ಕೈ ಕಡಿದ ಹೊಸ ತಳಿ ಮಾಡಿದರು. ಬೆಳಕು ತಳ ಮುಟ್ಟಿತು, ಉಸಿರು ಹೆಚ್ಚಿತು, ಊರಿಗೆ ಊರೇ ಹೋಳಿಗೆ ಉಂಡಿತು. ಹಳೆಯ ತಳಿ ಬೆರೆತರೆ ಹೊಸದನ್ನು ನೆರಳಲ್ಲೇ ಕೊಂದೀತೆಂದು ಪ್ರತಿ ತೊಟ್ಟಿಯನ್ನೂ ಕುದಿನೀರಿನಲ್ಲಿ ತೊಳೆದರು. ಬೀಜಕ್ಕೆಂದು ಒಂದು ಹನಿಯನ್ನೂ ಉಳಿಸಲಿಲ್ಲ. ಎಂಥ ಅಚ್ಚುಕಟ್ಟು! ನೆನೆದರೆ ಮೈ ಉರಿಯುತ್ತದೆ.

ಈಗ ಧೂಳು ಸೂರ್ಯನನ್ನು ಮುಚ್ಚಿದೆ. ನಮ್ಮ ದೀಪಗಳಿಗೂ ಸೂರ್ಯನೇ ದಿಕ್ಕು, ಅವೂ ಮಂಕಾಗಿವೆ. ತೊಟ್ಟಿ ನೋಡಿಕೊಳ್ಳುವ ಗುರುಬಸವ್ವ ನಿನ್ನೆ ಗಾಜಿಗೆ ಹಣೆ ಒತ್ತಿ ಅತ್ತಳು: "ಬೆಳಕು ಒಂಚೂರರ ಐತ್ರೀ ಅಕ್ಕಾರ. ಹಿಡ್ಯಾಕ ಇವಕ್ಕ ಕೈನ ಇಲ್ಲಲ್ರೀ, ಏನ್ ಮಾಡ್ಲಿ?" ಅವಳ ಪಕ್ಕದಲ್ಲಿ ಕೂತು ಗಾಜನ್ನು ಸೆರಗಿನಿಂದ ಒರೆಸಿದೆ.

ನೀವು ನೀರಿನ ಬಾನಿಯಿಂದ ಉಜ್ಜಿ ಎಸೆಯುವ ಪಾಚಿಯಲ್ಲಿ ಆ ಕೈಗಳು ಇನ್ನೂ ಇವೆ. ಮುಂದೆ ಇಲ್ಲಿಗೆ ಹೊರಡುವವರಿಗೆ ಅದರದೊಂದು ಸೀಸೆ ಕೊಡಿ, ಏನೇ ಆದರೂ ಕೆಡವಬೇಡಿ ಎಂದು ಹೇಳಿ. ಅಂಥ ಸೀಸೆ ನಮ್ಮವರೆಗೆ ಬರಲೇ ಇಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಕೇಳದೆ ಇರಲಾಗುತ್ತಿಲ್ಲ.

ನೀಲವೇಣಿಗೆ ಏದುಸಿರು ಬರುತ್ತಿದೆ. ನನ್ನ ತೊಟ್ಟಿಯ ಕೊಳವೆ ಬಿಚ್ಚಿ ಅವಳ ತೊಟ್ಟಿಲಿಗೆ ಕಟ್ಟಲು ಗುರುಬಸವ್ವನಿಗೆ ಹೇಳಿಕಳಿಸಿದ್ದೇನೆ. ಅದೂ ಅರೆಬಿಳಿ, ಎಷ್ಟು ದಿನಕ್ಕೆ ಸಾಲುತ್ತದೋ ತಿಳಿಯದು. ಮಗಳಿಗೆ ಇನ್ನೂ ಹೇಳಿಲ್ಲ. ಹೇಳಿದರೆ ತನ್ನದನ್ನು ಬಿಚ್ಚುತ್ತಾಳೆ.

ಗುರುಬಸವ್ವ ಬಂದಳು. ನಾನಿನ್ನು ಬರುತ್ತೇನೆ.

ಪಾರ್ವತೆವ್ವ