ಹದಿನೈದನೆಯ ದಿನ

ಮನೆಯಿಂದ,
ಭಾನುವಾರ, ತಾರೀಖು ಒಂಬತ್ತು

ಪ್ರೀತಿಯ ಮಿಡತೆಗೆ,

ಅಪ್ಪನ ಆಶೀರ್ವಾದಗಳು. ತೊಡೆ ನೋವು ಹೇಗಿದೆ? ಮೆಟ್ಟಿಲು ಇಳಿಯುವಾಗ ಈಗಲೂ ಹಿಡಿದುಕೊಳ್ಳುತ್ತದೆಯೇ? ಹೊಟ್ಟೆತುಂಬ ಊಟ ಮಾಡುತ್ತಿದ್ದೀಯೋ, ಇಲ್ಲ ತೂಕದ ಯಂತ್ರಕ್ಕೆ ಹೆದರಿ ಅರ್ಧಕ್ಕೇ ಏಳುತ್ತೀಯೋ? ಇಲ್ಲಿ ನಿನ್ನ ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಹಳೆಯ ಓಟದ ಬೂಟುಗಳನ್ನು ತೊಳೆದು ಕಿಟಕಿಯಲ್ಲಿಟ್ಟಿದ್ದಾಳೆ. ಯಾರಾದರೂ ಮನೆಗೆ ಬಂದರೆ ಸಾಕು, ಹೇಗಾದರೂ ಮಾಡಿ ಮಾತನ್ನು ಆ ಬೂಟುಗಳ ತನಕ ಎಳೆದು ತರುತ್ತಾಳೆ. ನನಗೂ ಏನೂ ಆಗಿಲ್ಲ, ಸರಿಯಾಗಿ ನಿದ್ದೆ ಬರುತ್ತಿಲ್ಲ ಅಷ್ಟೆ.

ನಿನ್ನ ಪತ್ರ ಮಂಗಳವಾರ ಬಂತು. ಮನೆಗೆ ಬರೆಯದೆ ಲ್ಯಾಬಿನ ವಿಳಾಸಕ್ಕೆ ಬರೆದದ್ದು ನೋಡಿದಾಗಲೇ ಏನೋ ಎಡವಟ್ಟಾಗಿದೆ ಎಂದುಕೊಂಡೆ. ಇಲಿಗಳ ಕೋಣೆಯ ಹೊರಗೆ, ಕೈಗವಸು ಕೂಡ ಕಳಚದೆ ಓದಿದೆ. "ಅಪ್ಪಾ, ನಿಮ್ಮ ಇಲಿಗಳ ಪೆಪ್ಟೈಡ್ ನನಗೂ ಸಿಕ್ತು. ಪಕ್ಕದ ರೂಮಿನ ಅಕ್ಕ ತರಿಸಿಕೊಟ್ಟಳು. ಮೂರು ಸಲ ಚುಚ್ಕೊಂಡಾಯ್ತು" ಎಂದು ಹೊಸ ಬಟ್ಟೆ ತೆಗೆದುಕೊಂಡವಳ ಹಾಗೆ ಬರೆದಿದ್ದೀಯಲ್ಲ ತಾಯಿ. ಕೂಡಲೇ ಹಾಸ್ಟೆಲ್ಲಿಗೆ ಫೋನ್ ಮಾಡಿದೆ. ಆಯ್ಕೆಯ ಓಟ ಮುಗಿಯುವ ತನಕ ಹುಡುಗಿಯರಿಗೆ ಫೋನ್ ಕೊಡುವುದಿಲ್ಲ ಎಂದರು ವಾರ್ಡನ್. ವಿಷಯ ಏನು ಎಂದು ಕೇಳಿದರು. ನಿಜ ಹೇಳಿದ್ದರೆ ಅಂದೇ ನಿನ್ನ ಗಂಟುಮೂಟೆ ಕಟ್ಟಿಸಿಬಿಡುತ್ತಿದ್ದರು. "ಅವಳಮ್ಮ ಕೇಳ್ತಿದ್ಲು" ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ಅಂದಿನಿಂದ ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ತಪ್ಪು ನನ್ನದೇ. ಕಳೆದ ರಜೆಯಲ್ಲಿ ನೀನು ಕುಂಟುತ್ತ ಬಂದು ಮುಖ ಊದಿಸಿಕೊಂಡು ಕೂತಿದ್ದಾಗ, ನಗಿಸೋಣ ಎಂದು ಊಟಕ್ಕೆ ಕೂತಲ್ಲಿ ನನ್ನ ಇಲಿಗಳ ಕಥೆ ತೆಗೆದೆ. ಗಾಯವಾದ ಕಾಲಿಗೆ ಪೆಪ್ಟೈಡ್ ಎಂಬ ಮದ್ದು ಚುಚ್ಚುತ್ತಾರೆ, ಹನ್ನೆರಡನೆಯ ದಿನಕ್ಕೆ ಇಲಿಗಳು ಚಕ್ರ ಹತ್ತಿ ತಿರುಗಿಸುತ್ತವೆ ಎಂದು ತಟ್ಟೆಯ ಸುತ್ತ ಚಮಚ ಓಡಿಸಿ ತೋರಿಸಿದೆ. ನೀನು ನಕ್ಕೆ. ನನಗೆ ಇನ್ನೂ ಉತ್ಸಾಹ ಬಂದು ಬಾಟಲಿಯ ಮೇಲಿನ ಹೆಸರನ್ನೂ ಹೇಳಿದೆ. ಇಲಿಗೆ ಮೇವು ಹಾಕಿ ಪಂಜರ ತೊಳೆಯುವವನು ಅಂದು ದೊಡ್ಡ ವಿಜ್ಞಾನಿಯ ಗತ್ತಿನಲ್ಲಿ ಮಾತಾಡಿದೆ.

ಅಂದು ಹೇಳದೆ ಬಿಟ್ಟ ಮಾತು ಒಂದಿದೆ. ಅನ್ನದ ಮುಂದೆ ಅಂಥದ್ದನ್ನು ಆಡಿದರೆ ನಿನ್ನ ಅಮ್ಮ ಎದ್ದುಹೋಗುತ್ತಾಳೆ ಎಂದು ಬಿಟ್ಟೆ. ಹದಿನಾಲ್ಕನೆಯ ದಿನ ನಾನೇ ಆ ಇಲಿಗಳನ್ನೆಲ್ಲ ಮಹಡಿಗೆ ಒಯ್ದು ಕೊಡುತ್ತೇನೆ. ಅಲ್ಲಿ ಅವುಗಳನ್ನು ಕೊಂದು, ತೊಡೆಯ ಮಾಂಸವನ್ನು ತೆಳ್ಳಗೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೆಲಸ ಇರುವುದೇ ಹಾಗೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಆದರೆ ಹದಿನೈದನೆಯ ದಿನ ಏನಾಗುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಕಂದ. ಅಷ್ಟು ದಿನ ಯಾವ ಇಲಿಯನ್ನೂ ಇಟ್ಟುಕೊಂಡಿಲ್ಲ.

ಗುರುವಾರ ನಮ್ಮ ಡಾಕ್ಟರಮ್ಮನನ್ನು, ಈ ಪ್ರಯೋಗ ನಡೆಸುವವರನ್ನು, ಸುಮ್ಮನೆ ಕೇಳುವವನ ಹಾಗೆ ಕೇಳಿದೆ, ಮನುಷ್ಯರಿಗೆ ಕೊಟ್ಟರೆ ಏನಾಗುತ್ತದೆ ಎಂದು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇದು ಬೆಳೆಸೋ ವಸ್ತು. ಏನನ್ನ ಬೆಳೆಸ್ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಅದಕ್ಕೆ ಗೊತ್ತಿದ್ಯಾ ಅನ್ನೋದನ್ನೇ ನಾವಿನ್ನೂ ನೋಡ್ತಿದೀವಿ. ಯಾಕೆ ಕೇಳಿದ್ರಿ?" ಎಂದರು. ನೆಲ ಒರೆಸುವುದಿದೆ ಎಂದು ಜಾಗ ಖಾಲಿ ಮಾಡಿದೆ. ನಮ್ಮ ಬಾಟಲಿ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಇಬ್ಬರ ಸಹಿಯೊಂದಿಗೆ ಬರುತ್ತದೆ. ನಿನ್ನದು ಯಾರದೋ ಕಾಲುಚೀಲದಲ್ಲಿ ಸುತ್ತಿಕೊಂಡು ಬಂತು ಎಂದು ನೀನೇ ಬರೆದಿದ್ದೀಯ. ಅದರೊಳಗೆ ನಿಜವಾಗಿ ಏನಿದೆ ಎಂದು ಆ ಅಕ್ಕನಿಗಾದರೂ ಗೊತ್ತೇ?

ನನಗೆ ತುಂಬ ಭಯವಾಗುತ್ತಿದೆ. ಮೂತ್ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೆಸರು ಕೆಡುತ್ತದೆ, ಅದನ್ನು ಹೇಗೋ ತಡೆದುಕೊಳ್ಳಬಹುದು. ನನಗೆ ನೀನು ಬೇಕು. ಈ ಸಲ ಓಡದಿದ್ದರೆ ಮುಂದಿನ ವರ್ಷ ಓಡು, ಅಲ್ಲಿಯ ತನಕ ಹರ್ಡಲ್ಸ್ ಎಲ್ಲೂ ಓಡಿಹೋಗುವುದಿಲ್ಲ. ಉಳಿದ ಬಾಟಲಿಗಳನ್ನು ಚರಂಡಿಗೆ ಸುರಿ. ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀನಾಗಿಯೇ ನಿಲ್ಲಿಸುತ್ತೀಯ ಎಂಬ ನಂಬಿಕೆ ಇದೆ.

ಅಮ್ಮ ನಿನ್ನನ್ನು ತುಂಬ ಕೇಳಿದಳು ಎಂದು ತಿಳಿ. ಮೈ ಕೈ ಗಟ್ಟಿಯಾಗಿ, ನೂರು ಕಾಲ ಸುಖವಾಗಿರು.

ಇಂತಿ ನಿನ್ನ,
ಬಾಯಿಬಡುಕ ಅಪ್ಪ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲು ಸಂಜೆಯ ಮೇವಿಗೆ ಹೋಗಿ ಬಂದೆ. ನಿನಗೊಂದು ವಿಷಯ ಮುಚ್ಚಿಟ್ಟಿದ್ದೆ. ಬುಧವಾರ, ಹದಿನಾಲ್ಕನೆಯ ದಿನ, ಹನ್ನೆರಡು ಇಲಿಗಳನ್ನು ಮಹಡಿಗೆ ಒಯ್ಯಬೇಕಿತ್ತು, ಹನ್ನೊಂದನ್ನೇ ಒಯ್ದೆ. ಒಂದು ಕಚ್ಚಾಡಿಕೊಂಡು ಸತ್ತಿತು ಎಂದು ರಿಜಿಸ್ಟರಿನಲ್ಲಿ ಬರೆದು, ಅದನ್ನು ಉಗ್ರಾಣದಲ್ಲಿ ಬಚ್ಚಿಟ್ಟುಕೊಂಡೆ. ಅದು ಓಡಾಡಿಕೊಂಡಿದ್ದರೆ ನಿನಗೆ ಧೈರ್ಯದ ಮಾತು ಬರೆಯಬಹುದಲ್ಲ ಎಂಬ ಆಸೆ. ಬೆಳಿಗ್ಗೆ ಕೂಡ ಚಕ್ರ ತಿರುಗಿಸುತ್ತಿತ್ತು. ಈಗ ಹೋದರೆ ಸತ್ತು ಬಿದ್ದಿದೆ. ತೊಡೆ ಮುಟ್ಟಿ ನೋಡಿದೆ, ಗಟ್ಟಿಯಾಗಿಯೇ ಇದೆ. ಯಾಕೆ ಸತ್ತಿತೋ ಗೊತ್ತಿಲ್ಲ. ಡಾಕ್ಟರಮ್ಮ ಕೊಯ್ದು ನೋಡಿದರೆ ಹೇಳಬಲ್ಲರು, ಆದರೆ ಅವರ ಲೆಕ್ಕದಲ್ಲಿ ಅದು ಬುಧವಾರವೇ ಸತ್ತಿದೆ. ನಾಳೆ ಅದನ್ನು ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿಬಿಡುತ್ತೇನೆ, ಕೆಲಸ ಹೋದರೆ ಹೋಗಲಿ. ಯಾರಿಗೂ ಹೇಳುವುದಿಲ್ಲ ಎಂದು ಮೇಲೆ ಬರೆದ ಮಾತನ್ನೂ ಉಳಿಸಿಕೊಳ್ಳಲಾರೆ, ಮಗಳೇ. ಈಗಲೇ ವಾರ್ಡನ್‌ಗೆ ಫೋನ್ ಮಾಡಲು ಹೊರಟಿದ್ದೇನೆ. ಈ ಪತ್ರ ಬರುವಷ್ಟರಲ್ಲಿ ನೀನು ನನ್ನೊಡನೆ ಮಾತು ಬಿಟ್ಟಿರುತ್ತೀಯ. ಬಿಡು, ಆದರೆ ಅವರು ಆಸ್ಪತ್ರೆಗೆ ಕರೆದರೆ ಹೋಗು.